ಕುಲೆಯಾನ: ಮಾವಿ ದ್ವೀಪದ ನೆಲದ ಬೆಲೆ, ನೆಲದ ಸುದ್ದಿ

ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ವಿಸ್ತಾರದಲ್ಲಿ ಎರಡನೆಯದು ಮಾವಿ. ಸುಮಾರು 1,883 ಚದರ ಕಿಲೋಮೀಟರ್‌ನ ಈ ದ್ವೀಪ ಕೊಡಗು ಜಿಲ್ಲೆಯ ಅರ್ಧಕ್ಕಿಂತ ಚಿಕ್ಕದು. ಒಂದೂವರೆ ಲಕ್ಷಕ್ಕೆ ತುಸು ಮೇಲ್ಪಟ್ಟು ಜನ ಅಲ್ಲಿ ನೆಲೆಸಿದ್ದಾರೆ. ಪೂರ್ವಕ್ಕೆ ಹತ್ತು ಸಾವಿರ ಅಡಿ ಎತ್ತರದ ಹಲೆಯಾಕಲಾ ಜ್ವಾಲಾಮುಖಿ, ಪಶ್ಚಿಮಕ್ಕೆ ಕಡಿದಾದ ಕಣಿವೆಗಳ ಹಳೆಯ ಬೆಟ್ಟಸಾಲು, ಎರಡರ ನಡುವೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಬ್ಬು ಬೆಳೆದ ಬಯಲು. 2021ರಿಂದೀಚೆಗೆ ಇಲ್ಲಿ ಒಂದು ಒಂಟಿ ಮನೆಯ ನಡುಮಟ್ಟದ ಬೆಲೆ ಹತ್ತು ಲಕ್ಷ ಡಾಲರ್ ದಾಟಿದೆ. ಹೋಟೆಲಿನ ಕೋಣೆ ಗುಡಿಸುವವರು ಹಾಗಿರಲಿ, ಶಾಲಾ ಶಿಕ್ಷಕರು, ದಾದಿಯರು, ಅಗ್ನಿಶಾಮಕ ಸಿಬ್ಬಂದಿ ಕೂಡ ತಾವು ಹುಟ್ಟಿದ ಊರಲ್ಲಿ ಮನೆ ಕೊಳ್ಳಲಾರದ ಸ್ಥಿತಿ ಇದು.

ನೆಲ ಸ್ವಲ್ಪ, ಕೊಳ್ಳುವವರು ಬಹಳ, ಆದ್ದರಿಂದ ಬೆಲೆ ಏರಿದೆ ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಮಾವಿಯ ನೆಲ ದೊಡ್ಡ ಪ್ರಮಾಣದಲ್ಲಿ ಕೈಬದಲಾದ ಸಂದರ್ಭಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಹಣದಷ್ಟೇ ಬಲವಾಗಿ ಕೆಲಸ ಮಾಡಿದ ಇನ್ನೊಂದು ಸಂಗತಿ ಕಾಣುತ್ತದೆ. ಅದು ಸುದ್ದಿ. ನೆಲದ ಸುದ್ದಿ ಯಾವ ಭಾಷೆಯಲ್ಲಿ ಅಚ್ಚಾಯಿತು, ಗಡುವಿಗೆ ಎಷ್ಟು ದಿನ ಮುಂಚೆ ಬಂತು, ಯಾರ ಮನೆ ಬಾಗಿಲಿಗೆ ತಲುಪಲೇ ಇಲ್ಲ ಎಂಬುದನ್ನು ಬಿಟ್ಟು ಈ ದ್ವೀಪದ ರಿಯಲ್ ಎಸ್ಟೇಟ್ ಇತಿಹಾಸವನ್ನು ಹೇಳಲಾಗದು.

ಬೆಟ್ಟದಿಂದ ಕಡಲಿಗೆ

ಹಳೆಯ ಹವಾಯಿಯಲ್ಲಿ ನೆಲವನ್ನು ಅಳೆಯುತ್ತಿದ್ದುದು ನೀರಿನ ಹಾದಿಯಲ್ಲಿ. ಬೆಟ್ಟದ ನೆತ್ತಿಯಿಂದ ಹೊಳೆಯ ಜೊತೆ ಇಳಿದು, ಕಡಲಂಚಿನ ಹವಳದ ದಂಡೆಯವರೆಗೆ ಚಾಚಿದ ಒಂದು ಸೀಳಿಗೆ ಅಹುಪುವಾ ಎಂದು ಹೆಸರು. ಮೇಲಿನವರಿಗೆ ಮರ, ನಡುವಿನವರಿಗೆ ಗದ್ದೆ, ಕೆಳಗಿನವರಿಗೆ ಮೀನು ಎಂದು ಹಂಚಿಕೆಯಾಗದೆ, ಒಂದೇ ಅಹುಪುವಾದ ಜನರಿಗೆ ಮೂರೂ ದಕ್ಕುವಂತೆ ಗಡಿ ಹಾಕಲಾಗಿತ್ತು. ಅರಸನ ಕೆಳಗೆ ನಾಯಕರು, ಅವರ ಕೆಳಗೆ ಕೊನೊಹಿಕಿ ಎಂಬ ಉಸ್ತುವಾರಿಯವನು, ಅವನ ಕೆಳಗೆ ಉಳುವವರು. ನೆಲವನ್ನು ಮಾರುವ ಕಲ್ಪನೆ ಈ ಸಾಲಿನಲ್ಲಿ ಯಾರಿಗೂ ಇರಲಿಲ್ಲ.

ಗದ್ದೆಯಲ್ಲಿ ಬೆಳೆಯುತ್ತಿದ್ದುದು ಕಲೋ. ಕರಾವಳಿ, ಮಲೆನಾಡುಗಳಲ್ಲಿ ಪತ್ರೊಡೆಗೆ ಎಲೆ ಕೊಯ್ಯುವ ಕೆಸುವೇ ಅದು. ಅಲ್ಲಿ ಮುಖ್ಯವಾದದ್ದು ಗಡ್ಡೆ. ಬೇಯಿಸಿ ಕುಟ್ಟಿ ಮಾಡಿದ ಪೋಯಿ ಅವರ ನಿತ್ಯದ ಅನ್ನ. ತಾಯಿಗಡ್ಡೆಯ ಸುತ್ತ ಒಡೆಯುವ ಮರಿಗಡ್ಡೆಗೆ ಓಹಾ ಎನ್ನುತ್ತಾರೆ. ಕುಟುಂಬ ಎಂಬ ಅರ್ಥದ ಒಹಾನಾ ಎಂಬ ಮಾತು ಅದರಿಂದ ಬಂದದ್ದು. ನೀರಿಗೆ ವಾಯ್, ಸಂಪತ್ತಿಗೆ ವಾಯ್‌ವಾಯ್. ಭೂಮಿಗೆ ಆಯಿನಾ, ಎಂದರೆ ಉಣಿಸುವಂಥದ್ದು. ಕುಲೆಯಾನ ಎಂಬ ಮಾತು ಇವೆಲ್ಲಕ್ಕಿಂತ ಗಟ್ಟಿಯಾದದ್ದು: ಹಕ್ಕು ಮತ್ತು ಹೊಣೆ ಎರಡೂ ಅದರೊಳಗೆ ಒಂದೇ. ಒಂದು ಗದ್ದೆ ನನ್ನ ಕುಲೆಯಾನ ಎಂದರೆ ಅದನ್ನು ಉಣ್ಣುವ ಹಕ್ಕು ನನ್ನದು, ಅದರ ಕಾಲುವೆಯ ಹೂಳೆತ್ತುವ ಕೆಲಸವೂ ನನ್ನದು ಎಂದರ್ಥ. ಇಂದಿಗೂ ದ್ವೀಪದಲ್ಲಿ ದಿಕ್ಕು ಹೇಳುವಾಗ ಉತ್ತರ, ದಕ್ಷಿಣ ಎನ್ನುವುದಕ್ಕಿಂತ ಮೌಕಾ, ಮಕಾಯ್ ಎನ್ನುವುದೇ ಹೆಚ್ಚು: ಬೆಟ್ಟದ ಕಡೆ, ಕಡಲ ಕಡೆ. ಮನೆ ಮಾರಾಟದ ಜಾಹೀರಾತುಗಳಲ್ಲೂ ಈ ಎರಡು ಮಾತುಗಳು ಉಳಿದಿವೆ.

ಪತ್ರಿಕೆಯೂ ಗಡುವೂ

ಹವಾಯಿಯ ಮೊದಲ ಪತ್ರಿಕೆ ಅಚ್ಚಾದದ್ದು ಮಾವಿಯಲ್ಲಿಯೇ. ಲಹೈನಾ ಪಟ್ಟಣದ ಮೇಲಿನ ಗುಡ್ಡದಲ್ಲಿ ಮಿಷನರಿಗಳು ಕಟ್ಟಿದ ಲಹೈನಾಲೂನಾ ಶಾಲೆಯ ಅಚ್ಚುಕೂಟದಿಂದ 1834ರ ಫೆಬ್ರವರಿ 14ರಂದು ‘ಕಾ ಲಾಮಾ ಹವಾಯಿ’ ಹೊರಬಂತು. ಹೆಸರಿನ ಅರ್ಥ ಹವಾಯಿಯ ದೀಪ. ಅದು ಹವಾಯಿ ಭಾಷೆಯ ಪತ್ರಿಕೆ. ಮುಂದಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಆ ಭಾಷೆಯಲ್ಲಿ ನೂರರಷ್ಟು ಪತ್ರಿಕೆಗಳು ಬಂದವು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಓದುಬರಹ ಬಲ್ಲವರ ಪ್ರಮಾಣದಲ್ಲಿ ಹವಾಯಿ ರಾಜ್ಯ ಜಗತ್ತಿನ ಮುಂದಿನ ಸಾಲಿನಲ್ಲಿತ್ತು. ಮೊದಲ ಪತ್ರಿಕೆ ಬಂದಾಗ ರಾಜಧಾನಿಯೂ ಲಹೈನಾವೇ; 1845ರಲ್ಲಿ ಅದು ಹೊನೊಲುಲುಗೆ ಹೋಯಿತು.

ಅದೇ 1845ರ ಕೊನೆಯಲ್ಲಿ ಮೂರನೆಯ ಕಮೆಹಮೆಹ ಅರಸನ ಸರ್ಕಾರ ಭೂಹಕ್ಕುಗಳನ್ನು ಇತ್ಯರ್ಥ ಮಾಡುವ ಆಯೋಗವೊಂದನ್ನು ರಚಿಸಿತು. ನೆಲ ತನ್ನದೆನ್ನುವ ಪ್ರತಿಯೊಬ್ಬನೂ ಆಯೋಗದ ಮುಂದೆ ಹಕ್ಕು ಮಂಡಿಸಬೇಕು. ಅದಕ್ಕೆ ಗಡುವು 1848ರ ಫೆಬ್ರವರಿ 14. ಮೊದಲ ಪತ್ರಿಕೆ ಬಂದು ಸರಿಯಾಗಿ ಹದಿನಾಲ್ಕು ವರ್ಷ. ಪ್ರಕಟಣೆ ಅಚ್ಚಾಗಿತ್ತು, ಓದಬಲ್ಲವರೂ ಇದ್ದರು. ಆದರೂ ಬಹುಪಾಲು ಉಳುವವರು ಅರ್ಜಿ ಹಾಕಲಿಲ್ಲ.

ಇದಕ್ಕೆ ಕಾರಣಗಳನ್ನು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಓದಲು ಬರುವುದಕ್ಕೂ ಸುದ್ದಿ ತಲುಪುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಯನ್ನು ತನ್ನದೆಂದು ಕಾಗದದಲ್ಲಿ ಕೇಳಬೇಕೆಂಬ ಮಾತೇ ಅನೇಕರಿಗೆ ಅರ್ಥವಾಗುವಂಥದಾಗಿರಲಿಲ್ಲ. ಹಾಗೆ ಕೇಳಿದರೆ ನಾಯಕನಿಗೆ ಎದುರು ನಿಂತಂತೆ ಎಂಬ ಅಂಜಿಕೆ ಬೇರೆ. ಮೋಜಣಿಗೆ ಹಣ ಕೊಡಬೇಕಿತ್ತು, ಸಾಕ್ಷಿಗಳನ್ನು ಕರೆತರಬೇಕಿತ್ತು. ಇದರ ನಡುವೆ 1848-49ರಲ್ಲಿ ದಡಾರ, ನಾಯಿಕೆಮ್ಮು, ಜ್ವರಗಳು ಒಂದರ ಹಿಂದೊಂದು ಬಂದು ಸಾವಿರಗಟ್ಟಲೆ ಜನ ಸತ್ತರು. ಸಾಕ್ಷಿ ಹೇಳಬೇಕಾದವರು, ಹಕ್ಕು ಕೇಳಬೇಕಾದವರು ಒಟ್ಟಿಗೆ ಮಣ್ಣಾದರು. ಗೇಣಿದಾರರು ನಮೂನೆ 7ನ್ನು ಗಡುವಿನೊಳಗೆ ತುಂಬಲಾಗದೆ ಗೇಣಿಭೂಮಿ ಕಳೆದುಕೊಂಡ ಕಥೆಗಳನ್ನು ಕೇಳಿ ಬೆಳೆದ ಕರ್ನಾಟಕದ ಓದುಗರಿಗೆ ಈ ಚಿತ್ರವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

1848ರ ಆ ವಿಭಜನೆಗೆ ಮಹೇಲೆ ಎಂದು ಹೆಸರು. ನಲವತ್ತು ಲಕ್ಷ ಎಕರೆಗೆ ಹತ್ತಿರದ ದ್ವೀಪಭೂಮಿ ಅರಸ, ಸರ್ಕಾರ ಮತ್ತು ಇನ್ನೂರೈವತ್ತರ ಆಸುಪಾಸಿನ ನಾಯಕರ ನಡುವೆ ಹಂಚಿಹೋಯಿತು. 1850ರ ಜುಲೈನಲ್ಲಿ ವಿದೇಶಿಯರಿಗೆ ಭೂಮಿ ಕೊಳ್ಳುವ ಹಕ್ಕು ಬಂತು. ಉಳುವವರಿಗೆ ಪೂರ್ಣ ಒಡೆತನ ಕೊಡುವ ಕುಲೆಯಾನ ಕಾಯಿದೆ ಬಂದದ್ದು ಅದರ ಮುಂದಿನ ತಿಂಗಳು. ಕೊನೆಗೆ ಸಾಮಾನ್ಯ ಜನರ ಹೆಸರಿಗೆ ಆದದ್ದು ಒಟ್ಟು 28,600 ಎಕರೆಯಷ್ಟು. ನೂರರಲ್ಲಿ ಒಂದು ಪಾಲೂ ಅಲ್ಲ. ಹಕ್ಕು ಮತ್ತು ಹೊಣೆ ಎರಡನ್ನೂ ಹೇಳುತ್ತಿದ್ದ ಮಾತು ಅಂದಿನಿಂದ ಚಕ್ಕುಬಂದಿ ಇರುವ ಒಂದು ಚಿಕ್ಕ ತುಂಡಿನ ಹೆಸರೂ ಆಯಿತು.

ಪತ್ರಿಕೆಯ ಹಿಂಪುಟದ ಪ್ರಕಟಣೆ

ಆ ತುಂಡುಗಳು ಬಹುಮಟ್ಟಿಗೆ ಹೊಳೆದಂಡೆಯ ಕೆಸುಗದ್ದೆಗಳು. ಸುತ್ತಲಿನ ನಾಯಕರ ಭೂಮಿ ಕಬ್ಬಿನ ಕಂಪನಿಗಳಿಗೆ ಹೋದ ಮೇಲೆ ಇವು ಬೇರೆಯವರ ಹೊಲಗಳ ನಡುವಿನ ನಡುಗಡ್ಡೆಗಳಾದವು. ಒಡೆಯ ಉಯಿಲು ಬರೆಯದೆ ತೀರಿಕೊಂಡರೆ ಮಕ್ಕಳೆಲ್ಲ ಪಾಲುದಾರರು; ಅವರ ಮಕ್ಕಳೂ ಪಾಲುದಾರರು. ಐದಾರು ತಲೆಮಾರು ಕಳೆದಾಗ ಕಾಲೆಕರೆ ಗದ್ದೆಗೆ ನೂರಾರು ವಾರಸುದಾರರು. ಒಬ್ಬರು ಹೊನೊಲುಲುವಿನಲ್ಲಿ, ಮತ್ತೊಬ್ಬರು ಕ್ಯಾಲಿಫೋರ್ನಿಯಾದಲ್ಲಿ. ಅಂಥ ಗದ್ದೆ ಇದೆ ಎಂಬುದೇ ಗೊತ್ತಿಲ್ಲದವರು ಇನ್ನೆಷ್ಟೋ ಮಂದಿ.

ಇಂಥ ಭೂಮಿಯ ಒಡೆತನವನ್ನು ತೀರ್ಮಾನಿಸಲು ಹವಾಯಿಯ ಕಾನೂನು ಇಟ್ಟ ದಾರಿ ‘ಕ್ವೈಟ್ ಟೈಟಲ್’ ದಾವೆ. ಒಂದಿಬ್ಬರು ವಾರಸುದಾರರಿಂದ ಪಾಲು ಕೊಂಡ ಕಂಪನಿ ಅಥವಾ ವ್ಯಕ್ತಿ ನ್ಯಾಯಾಲಯಕ್ಕೆ ಹೋಗಿ, ಉಳಿದವರಾರಾದರೂ ಇದ್ದರೆ ಬಂದು ಹೇಳಲಿ ಎಂದು ಕೇಳಬಹುದು. ಗೊತ್ತಿರುವವರಿಗೆ ನೋಟಿಸು ಹೋಗುತ್ತದೆ. ಗೊತ್ತಿಲ್ಲದವರಿಗೆ ಪತ್ರಿಕೆಯಲ್ಲಿ ಪ್ರಕಟಣೆ: ನಾಲ್ಕು ವಾರ, ವಾರಕ್ಕೊಮ್ಮೆ, ಚಿಕ್ಕ ಅಕ್ಷರದಲ್ಲಿ. ಮಹೇಲೆಯ ಕಾಲದ ಮೂಲ ಒಡೆಯನ ಹೆಸರು, ಆಯೋಗ ಕೊಟ್ಟ ಹಕ್ಕಿನ ಸಂಖ್ಯೆ, ತೆರಿಗೆ ನಕ್ಷೆಯ ಸಂಖ್ಯೆ, ಆಮೇಲೆ ಇಂಥವರ ವಾರಸುದಾರರು, ಅವರ ವಾರಸುದಾರರು ಎಂದು ಮುಗಿಯದ ಹೆಸರುಗಳ ಸಾಲು. ಮಾವಿಯ ತೆರಿಗೆ ಸಂಖ್ಯೆಗಳೆಲ್ಲ 2ರಿಂದ ಶುರುವಾಗುತ್ತವೆ. ತಮ್ಮ ಊರಿನ ಸಂಖ್ಯೆ ಗುರುತಿಸಬಲ್ಲವರಿಗೆ ಆ ಪುಟ ವಂಶಾವಳಿಯಂತೆ ಕಾಣುತ್ತದೆ, ಉಳಿದವರಿಗೆ ಮಡಚಿ ಇಡುವ ಕಾಗದ. ಹೇಳಿದ ದಿನದೊಳಗೆ ಉತ್ತರ ಕೊಡದವನ ಪಾಲು ಹೋಯಿತು.

ಈ ದಾವೆಯ ಉದ್ದೇಶ ತಪ್ಪಲ್ಲ. ಒಡೆತನ ಇತ್ಯರ್ಥವಾಗದ ಭೂಮಿಗೆ ಬ್ಯಾಂಕು ಸಾಲ ಕೊಡದು, ಮನೆ ಕಟ್ಟಲು ಪರವಾನಗಿ ಸಿಗದು. ಎಷ್ಟೋ ಹವಾಯಿ ಕುಟುಂಬಗಳೇ ಈ ದಾರಿಯಿಂದ ತಮ್ಮ ಹಕ್ಕನ್ನು ಭದ್ರ ಮಾಡಿಕೊಂಡಿವೆ. ದೋಷ ಇರುವುದು ಪ್ರಕಟಣೆಯೆಂದರೆ ತಿಳಿವಳಿಕೆ ಎಂದು ಭಾವಿಸಿದ್ದರಲ್ಲಿ. 1896ರಲ್ಲಿ ಇಂಗ್ಲಿಷನ್ನು ಶಾಲೆಗಳ ಬೋಧನಾ ಭಾಷೆಯಾಗಿ ಮಾಡಿದ ಕಾನೂನು ಬಂತು. ಮುಂದಿನ ಎರಡು ತಲೆಮಾರುಗಳಲ್ಲಿ ಹವಾಯಿ ಭಾಷೆ ಮನೆಯಿಂದಲೂ ಸರಿಯಿತು. 1948ರ ಹೊತ್ತಿಗೆ ಆ ಭಾಷೆಯ ಪತ್ರಿಕೆಗಳ ಪರಂಪರೆ ನಿಂತುಹೋಯಿತು. ಮುತ್ತಜ್ಜ ಆಯೋಗದ ಮುಂದೆ ತನ್ನ ಭಾಷೆಯಲ್ಲಿ ಕೊಟ್ಟ ಹೇಳಿಕೆ ದಫ್ತರದಲ್ಲಿದ್ದರೂ ಅದನ್ನು ಓದಲು ಮರಿಮಗನಿಗೆ ಬಾರದು. ಅಷ್ಟರ ಮೇಲೆ ಎಲ್ಲ ದ್ವೀಪಗಳ ಭೂದಾಖಲೆಗಳಿಗೂ ಇರುವುದು ಹೊನೊಲುಲುವಿನ ಒಂದೇ ನೋಂದಣಿ ಕಚೇರಿ. ಮಾವಿಯವನು ಹಳೆಯ ಪತ್ರ ನೋಡಲು ಕಡಲು ದಾಟಬೇಕಿತ್ತು.

1970ರ ದಶಕದಲ್ಲಿ ಹವಾಯಿ ಸಂಸ್ಕೃತಿಯ ಪುನರುತ್ಥಾನ ಬಂದಾಗ ಈ ಅನ್ಯಾಯವೂ ಚರ್ಚೆಗೆ ಬಂತು. 1978ರ ಸಂವಿಧಾನ ತಿದ್ದುಪಡಿ ಹವಾಯಿ ಭಾಷೆಯನ್ನು ಮತ್ತೆ ಅಧಿಕೃತಗೊಳಿಸಿತು. ಸ್ವಾಧೀನಾನುಭವದ ಹೆಸರಲ್ಲಿ ಐದು ಎಕರೆಗಿಂತ ಹೆಚ್ಚು ಭೂಮಿ ಪಡೆಯುವಂತಿಲ್ಲ ಎಂಬ ಮಿತಿಯನ್ನೂ ಹಾಕಿತು. 2016ರ ಕೊನೆಯಲ್ಲಿ ಅದೇ ದ್ವೀಪಸಾಲಿನ ಕವಾಯಿ ದ್ವೀಪದಲ್ಲಿ ಫೇಸ್‌ಬುಕ್ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಕೊಂಡ ಎಸ್ಟೇಟಿನೊಳಗಿನ ಕುಲೆಯಾನ ತುಂಡುಗಳ ಬಗ್ಗೆ ಇಂಥ ದಾವೆಗಳು ಹೂಡಲ್ಪಟ್ಟವು. ಸುದ್ದಿ ಹಬ್ಬಿ ಜನ ಪ್ರತಿಭಟಿಸಿದ ಮೇಲೆ 2017ರ ಜನವರಿಯಲ್ಲಿ ಅವರು ಅವನ್ನು ಹಿಂದಕ್ಕೆ ಪಡೆದರು. ಅಲ್ಲಿ ಕಾನೂನು ಬದಲಾಗಿರಲಿಲ್ಲ. ಹಿಂಪುಟದಲ್ಲಿದ್ದದ್ದು ಮುಖಪುಟಕ್ಕೆ ಬಂದಿತ್ತು, ಅಷ್ಟೆ.

ಕಬ್ಬು ಹೋಗಿ ಹೋಟೆಲು

1876ರಲ್ಲಿ ಹವಾಯಿ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ರದ್ದಾದದ್ದೇ ತಡ, ಮಾವಿಯ ಬಯಲಿಗೆ ನೀರು ತಿರುಗಿತು. ಪೂರ್ವದ ಮಳೆಕಾಡಿನ ಹೊಳೆಗಳನ್ನು ಹಿಡಿದು ಮೈಲಿಗಟ್ಟಲೆ ದೂರದ ಒಣಭೂಮಿಗೆ ತಂದ ಹಮಾಕುವಾ ಕಾಲುವೆ 1878ರಲ್ಲಿ ಮುಗಿಯಿತು. ಗದ್ದೆಗಳು ಒಣಗಿದವು, ಕಬ್ಬು ಎದ್ದಿತು. ಚೀನಾ, ಜಪಾನ್, ಪೋರ್ಚುಗಲ್, ಫಿಲಿಪೀನ್ಸ್‌ಗಳಿಂದ ಕೂಲಿಗೆ ಬಂದವರು ಕಂಪನಿಯ ಕೇರಿಗಳಲ್ಲಿ, ಕಂಪನಿಯ ಮನೆಗಳಲ್ಲಿ ಬಾಳಿದರು. ಕೆಲಸ ಹೋದರೆ ಸೂರೂ ಹೋಯಿತು. 1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದಾಗ ಅರಸನ ಮತ್ತು ಸರ್ಕಾರದ ಭೂಮಿಯೂ ಜೊತೆಗೆ ಹೋಯಿತು. 1921ರ ಕಾಯಿದೆ ಸುಮಾರು ಎರಡು ಲಕ್ಷ ಎಕರೆಯನ್ನು ಮೂಲನಿವಾಸಿಗಳಿಗೆ ವರ್ಷಕ್ಕೆ ಒಂದು ಡಾಲರಿನಂತೆ 99 ವರ್ಷದ ಗುತ್ತಿಗೆಗೆ ಮೀಸಲಿಟ್ಟಿತು. ಅರ್ಧದಷ್ಟಾದರೂ ಹವಾಯಿ ರಕ್ತ ಇರಬೇಕೆಂಬ ನಿಯಮ ಅದಕ್ಕಿದೆ. ಸರದಿಯಲ್ಲಿ ಕಾಯುತ್ತಿರುವವರು ಇಂದು 28 ಸಾವಿರಕ್ಕೂ ಹೆಚ್ಚು. ಕಾಯುತ್ತಲೇ ತೀರಿಕೊಂಡವರ ಹೆಸರುಗಳು ಪಟ್ಟಿಯುದ್ದಕ್ಕೂ ಇವೆ.

ಕೂಲಿಕಾರ ಕುಟುಂಬಗಳು ಸ್ವಂತ ಮನೆ ಕಂಡದ್ದು 1950ರಿಂದ ಈಚೆಗೆ, ಕಹುಲುಯಿಯಲ್ಲಿ ಸಕ್ಕರೆ ಕಂಪನಿಯೇ ಬಡಾವಣೆ ಮಾಡಿ ಮಾರಿದಾಗ. ಜನ ಅದನ್ನು ‘ಡ್ರೀಮ್ ಸಿಟಿ’ ಎಂದು ಕರೆದರು. ಮಾವಿಯಲ್ಲಿ ದುಡಿಯುವವರಿಗೆಂದು ಅಷ್ಟು ದೊಡ್ಡದಾಗಿ, ಅಷ್ಟು ಸರಳವಾಗಿ ನಡೆದ ಮನೆ ನಿರ್ಮಾಣ ಮತ್ತೆ ಆಗಿಲ್ಲ.

1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು, ಜೆಟ್ ವಿಮಾನಗಳು ಬಂದವು. ಪಶ್ಚಿಮ ಮಾವಿಯ ಕಾಅನಪಾಲಿ ತೀರದ ಕಬ್ಬಿನ ಭೂಮಿಯಲ್ಲಿ 1960ರ ದಶಕದ ಮೊದಲಲ್ಲಿ ಹೋಟೆಲುಗಳು ಎದ್ದವು. 1961ರಲ್ಲಿ ಎರಡು ಕಾನೂನುಗಳು ಬಂದವು. ಇಂದಿನ ಮಾರುಕಟ್ಟೆಯ ಎರಡು ಕಾಲುಗಳೂ ಅವೇ. ಒಂದು, ರಾಜ್ಯದ ಭೂಮಿಯನ್ನು ನಗರ, ಕೃಷಿ, ಸಂರಕ್ಷಣೆ ಎಂದು ವಿಂಗಡಿಸಿದ ಭೂಬಳಕೆ ಕಾನೂನು. ರಾಜ್ಯದಲ್ಲಿ ಇಂದಿಗೂ ನಗರ ವಲಯಕ್ಕೆ ಸೇರಿದ ನೆಲ ನೂರಕ್ಕೆ ಐದರಷ್ಟು ಮಾತ್ರ. ಇನ್ನೊಂದು, ಒಂದು ಕಟ್ಟಡದ ಒಂದೊಂದು ಫ್ಲ್ಯಾಟನ್ನೂ ಬೇರೆ ಬೇರೆಯಾಗಿ ಮಾರಲು ಅವಕಾಶ ಕೊಟ್ಟ ಕಾಂಡೊಮಿನಿಯಂ ಕಾನೂನು. ಮೊದಲನೆಯದು ಕಟ್ಟಬಹುದಾದ ನೆಲವನ್ನು ಬಿಗಿ ಮಾಡಿತು. ಎರಡನೆಯದು ಆ ಬಿಗಿ ನೆಲದ ಮೇಲಿನ ಗಾಳಿಯನ್ನೂ ದೂರದ ಊರಿನವರು ಕೊಳ್ಳಬಹುದಾದ ಸರಕಾಗಿಸಿತು.

ಲಹೈನಾದ ಪಯೊನೀರ್ ಮಿಲ್ 1999ರಲ್ಲಿ ಮುಚ್ಚಿತು. ಹವಾಯಿಯ ಕೊನೆಯ ಕಬ್ಬಿನ ಕೊಯ್ಲು ನಡುಮಾವಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಮುಗಿಯಿತು. ಎರಡು ವರ್ಷದ ಬಳಿಕ 41,000 ಎಕರೆ ಒಟ್ಟಿಗೆ ಹೊಸ ಕೃಷಿ ಕಂಪನಿಗೆ ಮಾರಾಟವಾಯಿತು. ಮಾವಿ ಕೌಂಟಿ ಎಂಬ ಆಡಳಿತ ಘಟಕಕ್ಕೇ ಸೇರಿದ ಲನಾಯಿ ದ್ವೀಪದ ನೂರಕ್ಕೆ 98 ಭಾಗವನ್ನು 2012ರಲ್ಲಿ ಒರಾಕಲ್ ಸಂಸ್ಥಾಪಕ ಲ್ಯಾರಿ ಎಲಿಸನ್ ಕೊಂಡಿದ್ದರು. ಹೀಗೆ ಭೂಮಿ ಸಾವಿರಾರು ಎಕರೆಗಳ ಲೆಕ್ಕದಲ್ಲಿ ಕೈಬದಲಾಗುತ್ತಿರುವಲ್ಲೇ, ಹಲೆಯಾಕಲಾದ ಇಳಿಜಾರಿನಲ್ಲಿ ಅರ್ಧ ಎಕರೆ ನಿವೇಶನವಿದ್ದ ಕುಟುಂಬಗಳು ನೀರಿನ ಮೀಟರಿನ ಸರದಿಯಲ್ಲಿ ದಶಕಗಳಿಂದ ನಿಂತಿವೆ. ಮೀಟರ್ ಇಲ್ಲದೆ ಮನೆ ಇಲ್ಲ. ಮಾವಿಯಲ್ಲಿ ನಿವೇಶನದ ಬೆಲೆ ಕೇಳುವ ಮುಂಚೆ ನೀರನ್ನು ಕೇಳಬೇಕು.

ಏಳು ಸಾವಿರ ಫ್ಲ್ಯಾಟುಗಳು

ಕಾಂಡೊ ಎಂದು ಕರೆಯುವ ಈ ಬಿಡಿ ಫ್ಲ್ಯಾಟುಗಳನ್ನು ಕೆಲವು ದಿನದ ಮಟ್ಟಿಗೆ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ರೂಢಿ ಹಳೆಯದು. ಅದು ಊರನ್ನೇ ಬದಲಿಸುವ ವ್ಯವಹಾರವಾದದ್ದು ಮೊಬೈಲಿನಲ್ಲಿ ಕೋಣೆ ಕಾದಿರಿಸುವ ಕಾಲ ಬಂದ ಮೇಲೆ. ವಸತಿ ಸಮುಚ್ಚಯಗಳಿಗೆಂದು ಗುರುತಿಸಿದ ವಲಯದಲ್ಲಿ ಇದು ನಡೆಯಬಾರದು. ಆದರೆ 1989ಕ್ಕೆ ಮುಂಚೆ ಕಟ್ಟಿದ ಅಥವಾ ಪರವಾನಗಿ ಪಡೆದ ಕಟ್ಟಡಗಳಿಗೆ ವಿನಾಯಿತಿ ಇದೆ ಎಂದು 2001ರಲ್ಲಿ ಕೌಂಟಿಯ ವಕೀಲರೊಬ್ಬರು ಕೊಟ್ಟ ಅಭಿಪ್ರಾಯ ನೆಲೆಯೂರಿತು. ಅವರ ಹೆಸರಿನಿಂದಲೇ ಮಿನಟೋಯಾ ಪಟ್ಟಿ ಎಂದು ಕರೆಯುವ ಆ ಕಟ್ಟಡಗಳಲ್ಲಿ ಸುಮಾರು ಏಳು ಸಾವಿರ ಫ್ಲ್ಯಾಟುಗಳಿವೆ. ವಿಚಿತ್ರವೆಂದರೆ ಅವುಗಳಲ್ಲಿ ಅನೇಕವನ್ನು ಮೊದಲಿಗೆ ಕಟ್ಟಿದ್ದು ದ್ವೀಪದಲ್ಲಿ ದುಡಿಯುವವರ ವಾಸಕ್ಕೆಂದೇ.

ಪ್ರವಾಸಿಯೊಬ್ಬ ಎರಡು ರಾತ್ರಿಗೆ ಕೊಡುವ ಹಣ ಸ್ಥಳೀಯನೊಬ್ಬ ವಾರಗಟ್ಟಲೆ ದುಡಿದು ಕೊಡುವ ಬಾಡಿಗೆಗೆ ಸಮನಾದಾಗ, ಫ್ಲ್ಯಾಟಿನ ಬೆಲೆ ವಾಸದ ಲೆಕ್ಕ ಬಿಟ್ಟು ಆದಾಯದ ಲೆಕ್ಕಕ್ಕೆ ಹೋಗುತ್ತದೆ. ಕೊಳ್ಳುವವರು ಹೆಚ್ಚಾಗಿ ಹೊರ ರಾಜ್ಯದವರು. ಇದರ ಇನ್ನೊಂದು ತುದಿ ಜನಗಣತಿಯಲ್ಲಿ ಕಾಣುತ್ತದೆ: 2020ರ ಎಣಿಕೆಯಲ್ಲಿ ಹವಾಯಿ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವಾಯಿಯ ಹೊರಗಿದ್ದರು. ಅವರು ಗುಂಪುಗುಂಪಾಗಿ ಹೋಗಿ ನೆಲೆಸಿದ ಲಾಸ್ ವೇಗಸ್ ನಗರಕ್ಕೆ ‘ಒಂಬತ್ತನೆಯ ದ್ವೀಪ’ ಎಂಬ ಹೆಸರು ಬಿದ್ದಿದೆ. ಕೇಳಲು ಹಗುರವಾದ ಈ ಅಡ್ಡಹೆಸರಿನ ಹಿಂದೆ ಊರು ಬಿಟ್ಟ ನೋವಿದೆ.

ಕಡಲಂಚಿನ ಆಸ್ತಿಗೆ ಈಗ ಇನ್ನೊಂದು ಲೆಕ್ಕವೂ ಸೇರಿದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾವಿಯ ಮರಳ ತೀರಗಳಲ್ಲಿ ನೂರಕ್ಕೆ 85 ಸವೆಯುತ್ತಿವೆ ಎಂದು ತೋರಿಸಿತು. 2021ರ ಕಾನೂನಿನಂತೆ, ಕಡಲ ಮಟ್ಟ ಏರಿದರೆ ಮುಳುಗುವ ವಲಯದಲ್ಲಿ ಆಸ್ತಿ ಇದ್ದರೆ ಮಾರುವವನು ಕೊಳ್ಳುವವನಿಗೆ ಅದನ್ನು ಬರಹದಲ್ಲಿ ತಿಳಿಸಬೇಕು. ನೆಲದ ಸುದ್ದಿಯನ್ನು ಮುಚ್ಚಿಡದಂತೆ ಮಾಡಿದ ನಿಯಮಗಳಲ್ಲಿ ಇದೊಂದು ಒಳ್ಳೆಯದು. ಆದರೆ ಇದರಿಂದ ರಕ್ಷಣೆ ಸಿಗುವುದು ಕೊಳ್ಳುವವನಿಗೆ.

ಲಹೈನಾ

2023ರ ಆಗಸ್ಟ್ 8. ಉತ್ತರಕ್ಕೆ ಅಧಿಕ ಒತ್ತಡ, ದಕ್ಷಿಣಕ್ಕೆ ನೂರಾರು ಮೈಲಿ ದೂರದಲ್ಲಿ ಹಾದುಹೋಗುತ್ತಿದ್ದ ಡೋರಾ ಚಂಡಮಾರುತ. ಎರಡರ ನಡುವೆ ಬೆಟ್ಟದಿಂದ ಕಡಲಿಗೆ ಬಿರುಗಾಳಿ ಬೀಸಿತು. ಪಟ್ಟಣದ ಮೇಲಿನ ಹಳೆಯ ಕಬ್ಬಿನ ಭೂಮಿ ಪಾಳುಬಿದ್ದು, ಹೊರಗಿನಿಂದ ಬಂದ ಗಿನಿ ಹುಲ್ಲು, ಬಫೆಲ್ ಹುಲ್ಲು ಎದೆಯೆತ್ತರ ಒಣಗಿ ನಿಂತಿತ್ತು. ಬೆಂಕಿ ಮಧ್ಯಾಹ್ನ ಪಟ್ಟಣಕ್ಕೆ ಇಳಿದು ಸಂಜೆಯೊಳಗೆ ಕಡಲು ಮುಟ್ಟಿತು. 102 ಮಂದಿ ಸತ್ತರು. ಸುಮಾರು 2,200 ಕಟ್ಟಡಗಳು ನಾಶವಾದವು. ಬಹುಪಾಲು ವಾಸದ ಮನೆಗಳು.

ದ್ವೀಪದ ಎಚ್ಚರಿಕೆಯ ಸೈರನ್‌ಗಳು ಮೊಳಗಲಿಲ್ಲ. ವಿದ್ಯುತ್ತು ಹೋಗಿತ್ತು, ಮೊಬೈಲ್ ಗೋಪುರಗಳು ನಿಂತಿದ್ದವು. ಮೊಬೈಲಿಗೆ ಕಳಿಸಿದ ಎಚ್ಚರಿಕೆ ಅನೇಕರನ್ನು ಮುಟ್ಟಲಿಲ್ಲ. ಬದುಕಿದವರಲ್ಲಿ ಎಷ್ಟೋ ಮಂದಿಗೆ ಸುದ್ದಿ ಕೊಟ್ಟದ್ದು ಪಕ್ಕದ ಮನೆಯವರ ಕೂಗು, ಮೂಗಿಗೆ ಬಡಿದ ಹೊಗೆ. ಪಟ್ಟಣದ ನಿವಾಸಿಗಳಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಫಿಲಿಪಿನೊ ಮೂಲದವರು. ಇಲೊಕಾನೊ, ಟಗಲಾಗ್ ಮಾತಾಡುವ ಹಿರಿಯರಿಗೆ ಪರಿಹಾರದ ಅರ್ಜಿ, ಗಡುವು, ವಿಮೆಯ ಮಾಹಿತಿಗಳು ಅವರ ಭಾಷೆಯಲ್ಲಿ ಸಿಗಲು ಮತ್ತೆ ಹೆಣಗಬೇಕಾಯಿತು. ಆ ವಾರಗಳಲ್ಲಿ ಊರಿನವರೇ ನಡೆಸಿದ ನೆರವಿನ ಬೀಡುಗಳು ಅಕ್ಕಿ, ನೀರಿನ ಜೊತೆ ಸುದ್ದಿಯನ್ನೂ ಹಂಚಿದವು: ಯಾರು ಸಿಕ್ಕಿದರು, ಯಾರು ಇಲ್ಲ, ಯಾವ ಕಾಗದಕ್ಕೆ ಯಾವತ್ತು ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು.

ಕೊನೆಯ ಮಾತಿಗೆ ಕಾರಣವಿತ್ತು. ಬೂದಿ ಆರುವ ಮುಂಚೆಯೇ ಸಂತ್ರಸ್ತರಿಗೆ ನಿವೇಶನ ಮಾರುತ್ತೀರಾ ಎಂಬ ಕರೆಗಳು ಬಂದವು. ‘ಲಹೈನಾ ಮಾರಾಟಕ್ಕಿಲ್ಲ’ ಎಂಬ ಫಲಕಗಳು ಎದ್ದವು. ರಾಜ್ಯಪಾಲ ಜಾಶ್ ಗ್ರೀನ್ ಹೊರಡಿಸಿದ ತುರ್ತು ಆದೇಶ, ಸುಟ್ಟ ಪ್ರದೇಶದ ಪಿನ್ ಕೋಡ್‌ಗಳಲ್ಲಿ ಮಾಲೀಕರು ಕೇಳದೆ ಕೊಳ್ಳುವ ಪ್ರಸ್ತಾಪ ಮುಂದಿಡುವುದನ್ನೇ ಅಪರಾಧವಾಗಿಸಿತು. ಮಹೇಲೆಯ ಕಾಲದಿಂದ ನೆಲದ ಸುದ್ದಿ ಉಳುವವನಿಗೆ ತಡವಾಗಿ ಬಂದಿತ್ತು. ಇಲ್ಲಿ ಕೊಳ್ಳುವವನ ಮಾತು ಕಳೆದುಕೊಂಡವನಿಗೆ ತೀರ ಬೇಗ ಬಂದಿತ್ತು. ಆದೇಶ ಆ ವೇಗವನ್ನು ತಡೆದದ್ದು ಸರಿಯಾದ ಹೆಜ್ಜೆ.

ನ್ಯಾಯಾಲಯದ ಚೌಕದಲ್ಲಿದ್ದ ಆಲದ ಮರವೂ ಬೆಂದಿತು. 1873ರ ಏಪ್ರಿಲ್‌ನಲ್ಲಿ ನೆಡುವಾಗ ಅದು ಭಾರತದಿಂದ ಬಂದ ಎಂಟು ಅಡಿಯ ಸಸಿ. ಬಿಳಲು ಬಿಟ್ಟು ಬಿಳಲೇ ಬೊಡ್ಡೆಯಾಗಿ ವಿಶಾಲವಾಗಿ ನೆರಳು ಹಾಸಿದ್ದ ಆ ಮರದ ಕೆಳಗೆ ಊರಿನ ಸಂತೆ, ಸಭೆ, ಹಾಡು ಎಲ್ಲ ನಡೆಯುತ್ತಿತ್ತು. ನಮ್ಮ ಹಳ್ಳಿಗಳ ಆಲದ ಕಟ್ಟೆಯ ಕೆಲಸವನ್ನೇ ಅದು ಅಲ್ಲಿ ಮಾಡುತ್ತಿತ್ತು. ಮರದ ಆರೈಕೆ ಬಲ್ಲವರು ಬುಡಕ್ಕೆ ನೀರು, ಗೊಬ್ಬರ ಕೊಟ್ಟು ಕಾದರು. ಕೆಲವೇ ವಾರಗಳಲ್ಲಿ ಚಿಗುರು ಒಡೆಯಿತು. ಕೆಲವು ಭಾಗ ಉಳಿಯದೆ ಕಡಿಯಬೇಕಾಯಿತು.

ಮನೆಗಳು ಅಷ್ಟು ಬೇಗ ಚಿಗುರಲಿಲ್ಲ. ಸಾವಿರಾರು ಮಂದಿಯನ್ನು ಮೊದಲು ಹೋಟೆಲುಗಳಲ್ಲಿ ಇರಿಸಲಾಯಿತು. ಆಮೇಲೆ ಕೇಂದ್ರದ ವಿಪತ್ತು ಸಂಸ್ಥೆ ಸಂತ್ರಸ್ತರಿಗಾಗಿ ಮಾರುಕಟ್ಟೆಗಿಂತ ಬಹಳ ಹೆಚ್ಚಿನ ಬಾಡಿಗೆಗೆ ಮನೆ ಹಿಡಿಯತೊಡಗಿದಾಗ, ಬೇರೆ ಊರುಗಳ ಬಾಡಿಗೆದಾರರನ್ನು ಮಾಲೀಕರು ಎಬ್ಬಿಸಿದ ಪ್ರಕರಣಗಳು ಬೆಳಕಿಗೆ ಬಂದವು. ಒಬ್ಬರಿಗೆ ಸೂರು ಕೊಡಲು ಹೋಗಿ ಇನ್ನೊಬ್ಬರ ಸೂರು ತಪ್ಪಿತು. ಲಹೈನಾದ ಮೇಲಿನ ಗುಡ್ಡದಲ್ಲಿ ರಾಜ್ಯ ಸರ್ಕಾರ 450 ತಾತ್ಕಾಲಿಕ ಮನೆಗಳ ಕಾ ಲಾಯಿ ಓಲಾ ಬಡಾವಣೆ ಕಟ್ಟಿತು. ಬೆಂಕಿಯ ಬಗ್ಗೆ ಹೂಡಿದ ಮೊಕದ್ದಮೆಗಳು ಸುಮಾರು 400 ಕೋಟಿ ಡಾಲರಿನ ರಾಜಿಯತ್ತ ಸಾಗಿದವು. ಎರಡು ವರ್ಷ ಕಳೆದಾಗಲೂ ಮತ್ತೆ ಎದ್ದು ನಿಂತ ಮನೆಗಳು ಸುಟ್ಟವುಗಳ ಸಣ್ಣ ಪಾಲು.

2023ರ ನವೆಂಬರ್‌ನಲ್ಲಿ ‘ಲಹೈನಾ ಸ್ಟ್ರಾಂಗ್’ ಎಂಬ ಹೆಸರಿನಲ್ಲಿ ಒಗ್ಗೂಡಿದ ಯುವಕರು ಕಾಅನಪಾಲಿಯ ಹೋಟೆಲುಗಳ ಮುಂದಿನ ಮರಳಿನಲ್ಲಿ ಗಾಳ ಹಾಕಿ ಕುಳಿತರು. ತೀರ ಸಾರ್ವಜನಿಕರದ್ದು, ಮೀನು ಹಿಡಿಯುವುದು ಅವರ ಹಕ್ಕು, ಯಾರೂ ಎಬ್ಬಿಸುವಂತಿಲ್ಲ. ತಿಂಗಳುಗಟ್ಟಲೆ ಮುಂದುವರಿದ ಆ ಧರಣಿಯ ಬೇಡಿಕೆ ಒಂದೇ: ಪ್ರವಾಸಿ ಫ್ಲ್ಯಾಟುಗಳು ಊರಿನವರ ವಾಸಕ್ಕೆ ಬರಲಿ. 2024ರ ಮೇ ತಿಂಗಳಲ್ಲಿ ಮೇಯರ್ ರಿಚರ್ಡ್ ಬಿಸ್ಸನ್ ಮಿನಟೋಯಾ ಪಟ್ಟಿಯ ವಿನಾಯಿತಿಯನ್ನು ಹಂತಹಂತವಾಗಿ ರದ್ದುಮಾಡುವ ಮಸೂದೆ ಮುಂದಿಟ್ಟರು; ಅದೇ ತಿಂಗಳು ರಾಜ್ಯದ ಹೊಸ ಕಾನೂನು ಕೌಂಟಿಗಳಿಗೆ ಆ ಅಧಿಕಾರವನ್ನು ಖಚಿತಪಡಿಸಿತ್ತು. ಹವಾಯಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜು ಎರಡೂ ಕಡೆಯವರ ವಾದಕ್ಕೆ ಒದಗಿತು: ಕಾಂಡೊಗಳ ಬೆಲೆ ಶೇಕಡಾ 20ರಿಂದ 40ರಷ್ಟು ಇಳಿಯಬಹುದು, ವಾಸದ ಮನೆಗಳು ಹೆಚ್ಚಬಹುದು, ಜೊತೆಗೆ ಪ್ರವಾಸೋದ್ಯಮದ ಕೆಲಸ, ತೆರಿಗೆಗಳೂ ಕುಗ್ಗಬಹುದು. ಕೌಂಟಿ ಮಂಡಳಿಯ ಅಹವಾಲು ಸಭೆಗಳು ದಿನಗಟ್ಟಲೆ ನಡೆದವು. 2025ರ ಡಿಸೆಂಬರ್‌ನಲ್ಲಿ ಮಸೂದೆ ಅಂಗೀಕಾರವಾಯಿತು. ಪಶ್ಚಿಮ ಮಾವಿಯಲ್ಲಿ 2029ರ ಮೊದಲಿಗೆ, ಉಳಿದೆಡೆ 2031ರ ಮೊದಲಿಗೆ ಪ್ರವಾಸಿಗಳಿಗೆ ಕೊಡುವ ಈ ಬಾಡಿಗೆ ನಿಲ್ಲಬೇಕು. ಆ ಫ್ಲ್ಯಾಟುಗಳಲ್ಲಿ ಕೆಲವು ತೀರ ಚಿಕ್ಕವು, ಸಂಘದ ಮಾಸಿಕ ಶುಲ್ಕ ತೀರ ಹೆಚ್ಚು; ಅವೆಲ್ಲ ಸಂಸಾರಗಳಿಗೆ ಒದಗುತ್ತವೆ ಎಂದುಕೊಳ್ಳುವಂತಿಲ್ಲ. ಆದರೂ ದುಡಿಯುವವರಿಗೆಂದು ಕಟ್ಟಿದ್ದನ್ನು ಅವರಿಗೆ ಮರಳಿಸುವ ನಿರ್ಧಾರ ನ್ಯಾಯವಾದದ್ದು.

ಕಾನೂನಿನ ಹಾದಿಯ ಪಕ್ಕದಲ್ಲಿ ಸಮುದಾಯ ಭೂ ನ್ಯಾಸಗಳ ಹಾದಿಯೂ ಇದೆ. 2006ರಲ್ಲಿ ಶುರುವಾದ ನಾ ಹಾಲೆ ಓ ಮಾವಿ, ಬೆಂಕಿಯ ನಂತರ ಹುಟ್ಟಿದ ಲಹೈನಾ ಸಮುದಾಯ ಭೂ ನ್ಯಾಸ ಈ ಬಗೆಯವು. ಈ ಪದ್ಧತಿಯಲ್ಲಿ ನೆಲ ನ್ಯಾಸದ ಹೆಸರಲ್ಲಿ ಉಳಿಯುತ್ತದೆ. ಕುಟುಂಬ ಮನೆಯನ್ನಷ್ಟೇ ಕೊಂಡು ನೆಲವನ್ನು ದೀರ್ಘಾವಧಿ ಗುತ್ತಿಗೆಗೆ ಪಡೆಯುತ್ತದೆ. ನೆಲದ ಬೆಲೆ ಲೆಕ್ಕಕ್ಕೆ ಬಾರದ ಕಾರಣ ಮನೆ ಕೈಗೆಟುಕುತ್ತದೆ. ಮಕ್ಕಳಿಗೆ ಬಿಡಬಹುದು. ಮಾರುವುದಾದರೆ ಸೂತ್ರಕ್ಕೆ ಕಟ್ಟುಬಿದ್ದ ಬೆಲೆಗೆ, ದ್ವೀಪದಲ್ಲೇ ದುಡಿದು ಬಾಳುವ ಇನ್ನೊಂದು ಕುಟುಂಬಕ್ಕೆ ಮಾರಬೇಕು. ಸುಟ್ಟ ನಿವೇಶನದಲ್ಲಿ ಮತ್ತೆ ಕಟ್ಟಲಾರದೆ, ಸಾಲ ತೀರಿಸಲು ಮಾರಲೇಬೇಕಾಗಿ ಬಂದ ಮನೆಯವರಿಂದ ಲಹೈನಾದ ನ್ಯಾಸ ನಿವೇಶನಗಳನ್ನು ಕೊಳ್ಳುತ್ತಿದೆ. ಇದಕ್ಕೆ ದೊಡ್ಡ ಮೊತ್ತ ಬೇಕು. ಅದಕ್ಕಿಂತ ಮುಂಚೆ, ಯಾರ ಮನೆಯಲ್ಲಿ ಮಾರುವ ಮಾತು ಶುರುವಾಗಿದೆ ಎಂಬುದು ಹೊರಗಿನ ದಲ್ಲಾಳಿಗೆ ಗೊತ್ತಾಗುವ ಮೊದಲು ಊರಿನವರಿಗೆ ಗೊತ್ತಾಗಬೇಕು. ಹಾಗಾಗಿ ನ್ಯಾಸದ ಕೆಲಸದಲ್ಲಿ ಬಹುಪಾಲು ನಡೆಯುವುದು ಕಾಗದದ ಮೇಲಲ್ಲ: ಚರ್ಚಿನ ಅಂಗಳದಲ್ಲಿ, ತಾತ್ಕಾಲಿಕ ಮನೆಗಳ ಜಗಲಿಯಲ್ಲಿ, ಮಾತಿನಲ್ಲಿ.